ನಾಲ್ಕನೇ ಶಿಲುಬೆ

ಚಂದ್ರಾ ಲೇಔಟಿನ ಜಗನ್ನಾಥರು ರಿಟೈರ್ ಆದಮೇಲೆ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಆಗಿದ್ದರು. ಫಾರ್ವರ್ಡ್ ಮಾಡುವುದರಲ್ಲಿ ಅವರದು ಫಸ್ಟ್ ಡೇ ಫಸ್ಟ್ ಶೋ. ಓದುವುದು ಮಾತ್ರ ನಿಧಾನಕ್ಕೆ, ಇಂಟರ್‌ವಲ್ ಆದಮೇಲೆ.

ಓಟಿಗೆ ಐದು ದಿನವಿತ್ತು. ‘ನಮ್ಮ ಬಡಾವಣೆ ಬಳಗ’ ಎಂಬ ಪೇಜಿನಿಂದ ಒಂದು ಸುದ್ದಿ ಬಂತು: ‘ನಾಲ್ಕನೇ ಶಿಲುಬೆಯಲ್ಲಿ ಹೊರಗಿನ ಡೆಲಿವರಿ ಹುಡುಗರು ಕಳ್ಳ ವೋಟರ್ ಕಾರ್ಡ್ ಹಂಚುತ್ತಿದ್ದಾರೆ.’ ಶಿಲುಬೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಜಗನ್ನಾಥರು ‘ನಮ್ಮ ಏರಿಯಾ ನಾವೇ ಕಾಯಬೇಕು’ ಎಂಬ ಡೈಲಾಗ್ ಸೇರಿಸಿ ಗ್ರೂಪಿಗೆ ಒಗೆದರು.

ಅವತ್ತು ಸಂಜೆ ಅವರದೇ ಮಹಡಿಯ ಬಾಡಿಗೆ ಹುಡುಗ, ಬಾಗಲಕೋಟೆ ಕಡೆಯ ವೀರೇಶ, ಡೆಲಿವರಿ ಕೊಡಲು ಊಟದ ಪಾರ್ಸೆಲ್ ಹಿಡಿದು ನಾಲ್ಕನೇ ಕ್ರಾಸಿಗೆ ಬಂದ. ಸುದ್ದಿ ಓದಿದ್ದ ಗ್ರೂಪಿನ ಆರು ಜನ ಅಡ್ಡಗಟ್ಟಿದರು. ಜೆರಾಕ್ಸಿಗೆಂದು ಜೇಬಿನಲ್ಲಿಟ್ಟಿದ್ದ ಎರಡು ಕಾರ್ಡು ಸಿಕ್ಕವು, ಅವನದೊಂದು, ಅವ್ವ ಹನುಮವ್ವನದೊಂದು. ಅಷ್ಟೇ ಸಾಕಾಯಿತು. ಏಟು ಬಿದ್ದ ಎಡಗಣ್ಣು ಉಳಿಯುವುದಿಲ್ಲ ಎಂದರು ಡಾಕ್ಟರು.

ಮರುದಿನ ಜಗನ್ನಾಥರ ಮನೆಗೆ ಸುಮಾ ಟೀಚರ್ ಬಂದರು. ವೋಟರ್ ಪಟ್ಟಿಗಾಗಿ ಮನೆಮನೆ ಸುತ್ತುವವರು ಅವರೇ. ಆ ಎರಡೂ ಕಾರ್ಡಿಗೆ ಅರ್ಜಿ ತುಂಬಿಸಿದ್ದು ತಾವೇ, ಸುದ್ದಿ ಸುಳ್ಳು ಎಂದರು. ಜಗನ್ನಾಥರು ಒಪ್ಪಲಿಲ್ಲ. ಸುದ್ದಿ ಕಳಿಸಿದವರು ಲೋಕಲ್ ಜನ, ಪೇಜಿಗೆ ಬಡಾವಣೆಯ ಹೆಸರೇ ಇದೆ ಎಂದು ವಾದಿಸಿದರು.

“ಸಾರ್, ಆಟೋದವರಿಗೆ ಮನೆ ಎಲ್ಲಿ ಅಂತೀರಾ?”

“ಫೋರ್ತ್ ಕ್ರಾಸ್.”

“ಶಿಲುಬೆ ಅಂತ ಯಾವತ್ತಾದ್ರೂ ಅಂದಿದೀರಾ?”

ಜಗನ್ನಾಥರು ಫೋನ್ ತೆಗೆದು ಆ ಸುದ್ದಿಯನ್ನು ಮತ್ತೆ ಓದಿದರು.

“ಯಾರೋ ಇಂಗ್ಲಿಷಲ್ಲಿ ಬರ್ದು ಟ್ರಾನ್ಸ್‌ಲೇಷನ್ ಮೆಷೀನಿಗೆ ಹಾಕಿದಾರೆ, ಅದು ಕ್ರಾಸನ್ನ ಶಿಲುಬೆ ಮಾಡಿದೆ. ಇಲ್ಲಿಯವ್ರು ಯಾರೂ ಹೀಗೆ ಬರಿಯಲ್ಲ.” ಸುಮಾ ಪೇಜಿನ ವಿವರ ತೆಗೆದು ತೋರಿಸಿದರು. ಶುರುವಾಗಿ ಮೂರು ವಾರ. ನಡೆಸುವ ನಾಲ್ವರೂ ಪರದೇಶದಲ್ಲಿದ್ದರು. “ಯಾರು ಗೆದ್ರೂ ಇವ್ರಿಗೆ ಒಂದೇ ಸಾರ್. ನಾವ್ ನಾವೇ ಬಡಿದಾಡ್ಬೇಕು, ಓಟಿನ ಮೇಲೆ ನಂಬಿಕೆ ಹೋಗ್ಬೇಕು, ಅಷ್ಟೇ. ದೇಶದ ಒಳಗೆ ನುಗ್ಗೋಕೆ ಗನ್ನೇ ಬೇಕಾಗಿಲ್ಲ, ನಿಮ್ಮ ಹೆಬ್ಬೆರಳು ಸಾಕು.”

ಜಗನ್ನಾಥರು ಆಸ್ಪತ್ರೆಗೆ ಹೋದರು. ಹನುಮವ್ವ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

“ಇದನ್ನ ಮೊದಲ ಯಾರು ಹಬ್ಬಿಸಿದ್ರು ಅಂತ ಗೊತ್ತಾತೇನ್ರಿ, ಸಾಹೇಬ್ರ?”

“ಗ್ರೂಪಿಗೆ ಹಾಕಿದ್ದು ನಾನೇ ಕಣಮ್ಮ.”

ಹನುಮವ್ವ ಮಂಚದ ಅಂಚಿಗೆ ಸರಿದಳು. ಮಗನ ಕಡೆ ತಿರುಗಿ ಕೂತಳು. ಜಗನ್ನಾಥರು ನೇರ ಪೊಲೀಸ್ ಸ್ಟೇಷನ್ನಿಗೆ ಹೋಗಿ ಫೋನ್ ಒಪ್ಪಿಸಿದರು, ಎಲ್ಲವನ್ನೂ ಬರೆದುಕೊಟ್ಟರು.

ಓದುಗರೇ, ಓಟಿನ ಹೊತ್ತಲ್ಲಿ ಸಿಟ್ಟು ಬರಿಸುವ ಸುದ್ದಿ ಬಂದರೆ ಬೆರಳು ತಡೆಯಿರಿ. ಆ ಪೇಜನ್ನು ಎಲ್ಲಿಂದ ನಡೆಸುತ್ತಿದ್ದಾರೆ, ಯಾವಾಗ ಹುಟ್ಟಿತು, ನೋಡಿ. ವೋಟರ್ ಕಾರ್ಡಿನ ಅನುಮಾನವಿದ್ದರೆ ಚುನಾವಣಾ ಆಯೋಗದ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಕೇಳಿ. ಡಿಲೀಟ್ ಒತ್ತಿದರೆ ಮೆಸೇಜ್ ಹೋಗುತ್ತದೆ. ಹೋದ ಕಣ್ಣು ಬರುವುದಿಲ್ಲ.