ನೀಲಿ ನಾಲಿಗೆ

"ಆ ಶನಿಗೆ ಗಂಜಿ ಬೇರೆ ಕೇಡು! ತೆಗಿಯೇ ಕೈ, ಬೇವರ್ಸಿ!"

ಇಂದುಶೇಖರ ಒದ್ದ ರಭಸಕ್ಕೆ ಬಟ್ಟಲು ಸಗಣಿಗುಂಡಿಗೆ ಹೋಗಿ ಬಿತ್ತು. ಗುಂಡಿಯ ಮೇಲಿದ್ದ ನುಸಿ ಒಮ್ಮೆಲೇ ಎದ್ದವು. ಚಂಪಾ ಕುರಿಯ ತಲೆಯನ್ನು ತೊಡೆಯಿಂದ ಇಳಿಸಲಿಲ್ಲ. ಅದರ ತುಟಿ ಊದಿತ್ತು. ನಾಲಿಗೆ ನೇರಳೆಹಣ್ಣು ತಿಂದ ಮಗುವಿನ ನಾಲಿಗೆಯಂತೆ ನೀಲಿಗಟ್ಟಿ ಹೊರಬಿದ್ದಿತ್ತು. ದಿಲ್ಲಿ ಪಕ್ಕದ ಘಾಜಿಯಾಬಾದಿನ ಅಂಚಿನಲ್ಲಿದ್ದ ಇಂದುಶೇಖರನ ಈ ಹಾಲಿನ ಕೊಟ್ಟಿಗೆಯ ಹಿಂದೆ ಅವಳು ಸಾಕಿಕೊಂಡ ಕುರಿಗಳಲ್ಲಿ ಉಳಿದದ್ದು ಇದೊಂದೇ.

"ಗಬ್ಬದ ಕುರಿ, ಧಣಿ. ಈಗ ಸ್ವಲ್ಪ ನುಂಗ್ತಾ ಉಂಟು."

"ಎಂತ ನುಂಗುವುದು? ಸರ್ಕಾರದ ಡಾಕ್ಟ್ರು ಬರ್ತಿದ್ದಾರೆ. ನುಸಿ ಕಚ್ಚಿ ಬರುವ ರೋಗವಂತೆ ಇದು. ದನಕ್ಕೆ ಬಂದ್ರೂ ಹೊರಗೆ ಕಾಣುವುದಿಲ್ಲ, ಕುರಿಯ ಬಾಯಲ್ಲಿ ಕಾಣ್ತದೆ. ಇದನ್ನು ನೋಡಿದ್ರೆ ನನ್ನ ದನಗಳ ರಕ್ತ ತೆಗೀತಾರೆ, ಹಾಲು ನಿಲ್ಲಿಸ್ತಾರೆ. ಆಮೇಲೆ ಕರೋಲ್ ಬಾಗಿನ ಹೋಟೆಲಿಗೆ ಹಾಲು ನಿನ್ನಪ್ಪ ಕೊಡ್ತಾನಾ?"

"ಹೊಸ ದನ ತಂದ ಮೇಲಲ್ವಾ ಧಣಿ, ಇದು ಬಂದದ್ದು? ಗುಂಡಿ ಮುಚ್ಚಿಸಿ ಅಂತ ನಾನು..."

ಕಪಾಳಕ್ಕೆ ಬಿತ್ತು. ಕಿವಿ ಗುಂಯ್ ಎಂದಿತು.

"ಏ ತನಿಯಾ!"

ದನ ತೊಳೆಯುತ್ತಿದ್ದ ಅವಳ ಗಂಡ ತನಿಯಪ್ಪ ಓಡಿ ಬಂದ. ಇಂದುಶೇಖರ ಹಾರೆಯನ್ನು ಅವನ ಕಾಲಬುಡಕ್ಕೆ ಎಸೆದ.

"ಹೊಡಿ. ಗುಂಡಿಗೆ ಹಾಕಿ ಮೇಲೆ ಸಗಣಿ ಎಳಿ."

"ಧಣಿ, ಇವಳು ಅದನ್ನು ಮಗುವಿನ ಹಾಗೆ ಸಾಕಿ..."

"ಊರಲ್ಲಿ ಸತ್ತ ದನ ಎಳೀತಿದ್ದ ನಿಮಗೆ ದಿಲ್ಲಿ ತೋರಿಸಿದ್ದು ನಾನು. ಹೊಡೀತೀಯಾ, ಇವಳ ತಲೆ ಒಡೀಲಾ?"

ಚಂಪಾಳ ಜುಟ್ಟು ಹಿಡಿದು ಅವನು ಆಚೆಗೆಳೆದ. ತನಿಯಪ್ಪ ಹೆಂಡತಿಯ ಮುಖ ನೋಡದೆ ಹಾರೆ ಎತ್ತಿದ. ಊದಿದ ನಾಲಿಗೆಯ ಕುರಿಗೆ ಕೂಗಲೂ ಬರಲಿಲ್ಲ. ತಲೆ ಒಡೆದು ಕಾಲು ಸೆಟೆದ ಮೇಲೂ ಹೊಟ್ಟೆಯೊಳಗಿನದು ಒದೆಯುತ್ತಿತ್ತು. ಚಂಪಾ ತೆವಳಿ ಬಂದು, ಆ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಒದೆತ ನಿಲ್ಲುವ ತನಕ ಕೂತಳು.

ಮುಂದಿನ ಅಂಗಳದಲ್ಲಿ ಜೀಪು ನಿಂತಿತು. ಇಂದುಶೇಖರ ಕೈ ಒರೆಸಿಕೊಂಡು ಓಡಿದ. "ಆಯಿಯೇ ಡಾಕ್ಟರ್ ಸಾಬ್! ಪೆಹಲೇ ಕಾಫಿ. ಯಹಾಂ ಸಬ್ ಠೀಕ್ ಹೈ."

ಚಂಪಾ ಕುರಿಯನ್ನು ಹೆಗಲಿಗೆ ಎತ್ತಿಕೊಂಡಳು. ತನಿಯಪ್ಪ ಸೆರಗು ಹಿಡಿದ. "ಬೇಡ ಮಾರಾಯ್ತಿ, ಕೊಂದು ಹಾಕ್ತಾರೆ."

"ಕೊಂದಾಯ್ತಲ್ಲ ನೀವು. ಬಿಡಿ."

ದನಗಳ ನಡುವೆ ಹಾದು ಅಂಗಳಕ್ಕೆ ಬಂದವಳೇ ಹೆಣವನ್ನು ಕಾಫಿಯ ಮೇಜಿನ ಮೇಲೆ ದೊಪ್ಪನೆ ಇಳಿಸಿದಳು. ಹಲ್ಲುಗಳ ನಡುವೆ ಬೆರಳು ತೂರಿಸಿ ನಾಲಿಗೆಯನ್ನು ಹೊರಗೆಳೆದಳು.

"ದೇಖೋ ಸಾಬ್. ಅಂದರ್ ಗಾಯ್ ಕೋ ಭೀ ಹೈ," ಎಂದು ಒಳಗಿನ ದನಗಳತ್ತ ಗದ್ದ ತೋರಿಸಿದಳು.

"ರಂಡೇ!" ಇಂದುಶೇಖರನ ಕೈ ಅವಳ ಕುತ್ತಿಗೆಗೆ ಬಿತ್ತು. ಅವಳ ಕಣ್ಣು ಕತ್ತಲೆಗಟ್ಟಿತು. ಡಾಕ್ಟರು ರಕ್ತ ಬೀಳದಂತೆ ತಮ್ಮ ಕಾಫಿ ಲೋಟವನ್ನು ಎತ್ತಿ ಹಿಡಿದರು. ಚಂಪಾ ಕುರಿಯ ನಾಲಿಗೆಯನ್ನು ಇನ್ನಷ್ಟು ಹೊರಗೆಳೆದಳು.