ಅಲಂಕಾರದ ಗೇಜು

ಎಪ್ಪತ್ತು ವರ್ಷದ ಹಳೆಯ ಯುದ್ಧವಿಮಾನ ಕೊಂಡವನಿಗೆ ಹಾರಿಸುವ ಲೈಸೆನ್ಸ್ ಇತ್ತು. ಬುದ್ಧಿಯನ್ನು ಯಾರೂ ಲೈಸೆನ್ಸಿನ ಜೊತೆ ಕೊಡುವುದಿಲ್ಲ. ಸೈನ್ಯದ ಹೊಸಿಲು ತುಳಿಯದ ಈ ಬಾಮೈದ ಎದೆಯ ಮೇಲೆ ನಾಲ್ಕು ಪದಕ ತೂಗಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಹಿಂದಿನ ಸೀಟಿನಲ್ಲಿ ಅವನ ಅಕ್ಕನ ಗಂಡ, ಮೂವತ್ತು ವರ್ಷ ಇಂಥ ವಿಮಾನಗಳನ್ನು ಬಿಚ್ಚಿ ಕಟ್ಟಿ, ಹಾರಿಸಲೂ ಕಲಿತ ಮೆಕ್ಯಾನಿಕ್. "ಒಬ್ಬನ್ನೇ ಕಳಿಸ್ಬೇಡಿ" ಎಂದು ಹೆಂಡತಿ ಪ್ರಾಣ ತಿಂದದ್ದಕ್ಕೆ ಹತ್ತಿದ್ದ.

ಪ್ರದರ್ಶನಕ್ಕೆ ನೆರೆದ ಜನರ ಮೇಲೆ ಎರಡನೇ ಸುತ್ತು ಹಾಕುವಾಗ ಸುಟ್ಟ ಎಣ್ಣೆಯ ವಾಸನೆ ಬಡಿಯಿತು. ಮೆಕ್ಯಾನಿಕ್ ತನ್ನೆದುರಿನ ಗೇಜು ನೋಡಿದ. ಆಯಿಲ್ ಪ್ರೆಶರ್ ಸೊನ್ನೆಯತ್ತ ಜಾರುತ್ತಿತ್ತು.

"ಆಯಿಲ್ ಸೋರ್ತಿದೆ. ಸಾಕು, ಇಳಿಸು."

"ನನ್ನ ಗೇಜು ಸರಿಯಾಗೇ ಇದೆ ಭಾವ. ಸುಮ್ಸುಮ್ನೆ ಗಾಬರಿ ಮಾಡ್ಬೇಡಿ."

ಸರಿಯಾಗಿರದೆ ಏನು! ಹಳೆಯದು ಫೋಟೋದಲ್ಲಿ ಮಂಕಾಗಿ ಕಾಣುತ್ತದೆಂದು ಕಿತ್ತು, ಥಳಥಳಿಸುವ ಅಲಂಕಾರದ ಗೇಜು ಅಂಟಿಸಿದ ಮಹಾನುಭಾವ ಇವನೇ. ಬೇಡವೆಂದರೆ "ಹಿಂದೊಂದು ಇದೆಯಲ್ಲ" ಎಂದಿದ್ದ. ಈ ಅಲಂಕಾರದ ಗೇಜಿನ ಮುಳ್ಳು ಶೆಡ್ಡಿನಲ್ಲಿ ಎಂಜಿನ್ ಆರಿಸಿದ್ದಾಗಲೂ ಹಸಿರಿನಲ್ಲೇ ಇರುತ್ತಿತ್ತು.

"ಅದಕ್ಕೆ ಆಯಿಲ್ ಪೈಪೇ ಇಲ್ವಲ್ಲೋ, ಪುಣ್ಯಾತ್ಮ!"

"ಇನ್ನೊಂದೇ ಸುತ್ತು. ಅಕ್ಕ ವಿಡಿಯೋ ಮಾಡ್ತಿದಾಳೆ."

ಎಂಜಿನ್ ಎರಡು ಸಲ ಕೆಮ್ಮಿ ಗಕ್ಕನೆ ನಿಂತಿತು. ಮುಂದಿನ ಗಾಜಿಗೆಲ್ಲ ಕಪ್ಪು ಎಣ್ಣೆ ರಾಚಿತು. ನಮ್ಮ ಶೂರ ಜಾಯ್‌ಸ್ಟಿಕ್ಕನ್ನು ಎದೆಗೆ ಎಳೆದುಕೊಂಡು ಕಲ್ಲಾಗಿ ಕೂತ. ವಿಮಾನದ ಮೂತಿ ಮೇಲೆದ್ದು ವೇಗ ಇಳಿಯಿತು. ಇನ್ನೊಂದು ಗಳಿಗೆ ಹಾಗೇ ಹಿಡಿದಿದ್ದರೆ ಇಬ್ಬರ ಕಥೆಯೂ ಮುಗಿದಂತೆ.

"ಕೈ ತೆಗೆಯೋ, ಕತ್ತೆ!"

ತೆಗೆದ. ಹುಟ್ಟಿದಾಗಿನಿಂದ ಅವನು ಇನ್ನೊಬ್ಬರ ಮಾತು ಕೇಳಿದ್ದು ಅದೊಂದೇ ಸಲವಿರಬೇಕು. ಮೆಕ್ಯಾನಿಕ್ ಹಿಂದಿನ ಸೀಟಿನಲ್ಲಿದ್ದ ಇನ್ನೊಂದು ಜಾಯ್‌ಸ್ಟಿಕ್ ಹಿಡಿದು ವಿಮಾನದ ಮೂತಿ ತಗ್ಗಿಸಿ ವೇಗ ಹಿಡಿದ. ರನ್‌ವೇ ಎಟುಕುವಂತಿರಲಿಲ್ಲ, ಬೇಲಿಯಾಚೆ ಕೊಯ್ದ ಹೊಲವಿತ್ತು.

"ಚಕ್ರ ಇಳಿಸಲ್ವಾ? ಪೇಂಟೆಲ್ಲ ಕಿತ್ತೋಗತ್ತೆ ಭಾವ!"

"ಮಣ್ಣಲ್ಲಿ ಚಕ್ರ ಹೂತ್ರೆ ಪಲ್ಟಿ. ಪೇಂಟು ಬೇಕೋ, ಕುತ್ತಿಗೆ ಬೇಕೋ?"

ಉತ್ತರಕ್ಕೆ ಕಾಯದೆ ಪೆಟ್ರೋಲು ಮುಚ್ಚಿದ, ಸ್ವಿಚ್ಚುಗಳನ್ನು ಆರಿಸಿದ. ವಿಮಾನ ಹೊಟ್ಟೆಯ ಮೇಲೆ ಬಿದ್ದು, ಕೂಳೆಗಳನ್ನು ಸವರುತ್ತ ನೂರು ಗಜ ಜಾರಿ ನಿಂತಿತು. ಬಾಮೈದನ ಬೆಲ್ಟನ್ನೂ ಮೆಕ್ಯಾನಿಕ್ಕೇ ಬಿಚ್ಚಬೇಕಾಯಿತು.

ಹೆಂಡತಿ ಬೇಲಿ ನುಸುಳಿ ಓಡಿ ಬಂದಳು. ಬಂದವಳೇ ತಮ್ಮನನ್ನು ತಬ್ಬಿಕೊಂಡು ಗೊಳೋ ಎಂದಳು.

"ನೀನಿದ್ದೆ ಅಂತ ಇವ್ರು ಉಳಿದ್ರು ಕಣೋ! ಇಲ್ದಿದ್ರೆ ನನ್ನ ಗತಿ ಏನು?"

ಈಗಲಾದರೂ ಬಾಮೈದನ ಬಾಯಲ್ಲಿ ನಿಜ ಬಂದೀತೆಂದು ಮೆಕ್ಯಾನಿಕ್ ಕಾದ.

"ಅಳ್ಬೇಡ ಬಿಡಕ್ಕಾ," ಎಂದ ಬಾಮೈದ, ಬೆವರೊರೆಸಿಕೊಳ್ಳುತ್ತ. "ಭಾವನ್ನ ಹಾಗೆಲ್ಲ ಬಿಟ್ಬಿಡೋಕಾಗತ್ತಾ?"