ಮೂರನೇ ಚೇಂಬರಿನ ಬಿಸಿ

ಮಾದಮ್ಮ ಹಿಡಿ ಮಣ್ಣೆತ್ತಿ ಗಂಡ ಶಾಂತರಾಜುವಿನ ಗುಂಡಿಯ ಮೇಲೆ ಕೈ ಚಾಚಿದ್ದಳು. ಅಷ್ಟರಲ್ಲಿ ಮಗಳು ಬಿಂದುಶ್ರೀಯ ಕೈಯಲ್ಲಿದ್ದ ಅಪ್ಪನ ಫೋನು ಗುರ್ ಎಂದಿತು.

"ಮೆಸೇಜು ಕಣವ್ವ. ಚೇಂಬರ್ ಮೂರು, ಬಿಸಿ ಏರೈತಂತೆ."

ಹಾಸನದ ಆಲೂಗೆಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ ಶಾಂತರಾಜು ಮಿಷನ್ನು ನೋಡಿಕೊಳ್ಳುತ್ತಿದ್ದ. ಮಾದಮ್ಮ ಅಲ್ಲೇ ಗೆಡ್ಡೆ ಆರಿಸುತ್ತಿದ್ದಳು. ನಿನ್ನೆ ಅವನು ಎದೆನೋವೆಂದು ಕೂತವನು ಏಳಲೇ ಇಲ್ಲ. ಇವತ್ತು ಅಲ್ಲಿ ರಜೆ. ಗೇಟಿನ ಕಾವಲುಗಾರನೂ ಸೇರಿ ಎಲ್ಲರೂ ಚನ್ನರಾಯಪಟ್ಟಣ ರಸ್ತೆಯ ಈ ಊರಿಗೆ ಮಣ್ಣಿಗೆ ಬಂದಿದ್ದರು.

ಮ್ಯಾನೇಜರ್ ರಜನೀಶ್ ತನ್ನ ಫೋನನ್ನೂ ನೋಡಿಕೊಂಡ. "ನಂಗೂ ಬಂದಿದೆ. ಆ ಸೆನ್ಸರ್ ಕೆಟ್ಟಿದೆ, ಯಾವಾಗ್ಲೂ ಇದೇ ಗೋಳು. ನೀವು ಮುಂದುವರಿಸಿ."

ಮತ್ತೆ ಗುರ್. "ಸರಿಯಾಯ್ತಂತೆ," ಎಂದಳು ಬಿಂದು. ಮತ್ತೆ ಗುರ್. "ಇಲ್ಲ, ತಿರ್ಗಾ ಏರ್ತು."

ಮಾದಮ್ಮ ಸುತ್ತ ನಿಂತವರನ್ನೆಲ್ಲ ನೋಡಿದಳು.

"ಲಕ್ಕಣ್ಣ ಎಲ್ಲಿ?"

ಮೂಟೆ ಹೊರುವ ಲಕ್ಕಯ್ಯನನ್ನು ಹೆಣ ಎತ್ತುವ ಹೊತ್ತಿಗೆ ಅವಳೇ ಕಳಿಸಿದ್ದಳು. "ಅವ್ರ ನೀಲಿ ಸ್ವೆಟ್ರು ಮೂರನೇ ಚೇಂಬರ್ ಒಳ್ಗೆ ಮೊಳೇಲೈತೆ. ತಂದ್ಕೊಡಣ್ಣ, ಜೊತೇಲಿ ಇಕ್ಬುಡಾನ. ಅವ್ರಿಗೆ ಚಳಿ ಅಂದ್ರೆ ಆಯ್ತಿರ್ನಿಲ್ಲ." ಪಾಪ, ದಮ್ಮಿನ ಕಾಯಿಲೆಯ ಮನುಷ್ಯ, ಕಾವಲುಗಾರನಿಂದ ಬೀಗದ ಕೈ ಇಸಿದುಕೊಂಡು ಹೋಗಿದ್ದ.

*

ಹೋದ ವರ್ಷ ಆ ಚೇಂಬರಿನ ಬಾಗಿಲು ತಾನಾಗಿ ಮುಚ್ಚಿಕೊಂಡು ಮಾದಮ್ಮ ಒಳಗೆ ಸಿಕ್ಕಿಬಿದ್ದಿದ್ದಳು. ಒಳಗಿನ ಹಿಡಿಕೆ ಮುರಿದಿತ್ತು. ಮಾಡಿಸೋಣ, ಮಾಡಿಸೋಣ ಎನ್ನುತ್ತಲೇ ಇದ್ದರು. ಗೋಡೆ ದಪ್ಪ, ಕಿರುಚಿದರೆ ಹೊರಗೆ ಕೇಳದು, ಫೋನಿಗೆ ಸಿಗ್ನಲ್ ಇಲ್ಲ. ಊಟಕ್ಕೆ ಹುಡುಕಿಕೊಂಡು ಶಾಂತರಾಜು ಬಂದದ್ದಕ್ಕೆ ಬದುಕಿದಳು.

ಮಾರನೆಯ ದಿನ ಅವನು ಜೊತೆಗೆಲಸದ ಮಂಚಯ್ಯನೊಡನೆ ಬಾಗಿಲ ಪಕ್ಕ ವೈರಿನಲ್ಲಿ ಜೋತುಬಿದ್ದ ಸೆನ್ಸರಿನ ಕಡ್ಡಿಯನ್ನೇ ನೋಡುತ್ತ ನಿಂತಿದ್ದ. ಕಡ್ಡಿಗೆ ಬಿಸಿ ತಾಗಿದರೆ ಅವನಿಗೂ ಮ್ಯಾನೇಜರಿಗೂ ಮೆಸೇಜು ಹೋಗುತ್ತಿತ್ತು.

"ನೋಡ್ಲಾ ಮಂಚಯ್ಯ ಇದ್ರ ನ್ಯಾಯವ! ಆಲೂಗೆಡ್ಡೆ ಬೆಚ್ಚಗಾದ್ರೆ ಊರ್ಗೆಲ್ಲ ಯೋಳ್ತದೆ. ಮನ್ಸ ತಣ್ಣಗಾದ್ರೆ ಬಾಯೇ ಬುಡಕಿಲ್ಲ."

ಆಮೇಲೆ ಎಲ್ಲರನ್ನೂ ಕರೆದು ತೋರಿಸಿದ. "ಸಿಕ್ಕಾಕ್ಕೊಂಡ್ರೆ ಇದ್ನ ಹಿಡಿಯೊಳ್ಗೆ ಬಿಗಿಯಾಗಿ ಇಡ್ಕಳಿ. ಬುಡಿ. ತಿರ್ಗಾ ಇಡ್ಕಳಿ. ಏರಿ ಇಳೀತು ಅಂದ್ರೆ ಅದು ಮಿಷನ್ನಲ್ಲ, ಮನ್ಸ. ನಾ ಬತ್ತೀನಿ."

ಎಷ್ಟೋ ಸಲ ಬಂದಿದ್ದ. ಮಿಷನ್ನು ಮುಟ್ಟಿದರೆ ಉಗಿಯುತ್ತಾನೆಂದು ರಜನೀಶನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

*

"ಅದು ಕೆಟ್ಟಿಲ್ಲ ಸಾ!" ಮಾದಮ್ಮ ಕಿರುಚಿದಳು. "ಲಕ್ಕಣ್ಣ ಒಳ್ಗವ್ನೆ! ಓಗಿ, ಬಾಗ್ಲು ತೆಗೀರಿ!"

ಮಂಚಯ್ಯ ರಜನೀಶನ ರಟ್ಟೆ ಹಿಡಿದು ಎಳೆದ. "ಆಮ್ಯಾಕೆ ಬಯ್ಯೋರಂತೆ, ಈಗ ಕಾರು ತೆಗೀರಿ ಸಾ."

ಕಾರು ಹೋಯಿತು. ಗುಂಡಿಯೊಳಗೆ ಶಾಂತರಾಜು, ಮೇಲೆ ನಿಂತವರೆಲ್ಲ ಅವನ ಫೋನು ನೋಡುತ್ತಿದ್ದರು. ಏರಿತು. ಇಳಿಯಿತು. ಏರಿತು. ಗುರ್ ಎಂದಾಗಲೆಲ್ಲ ಮಾದಮ್ಮನಿಗೆ ಹೋದ ಜೀವ ಬಂದಂತಾಗುತ್ತಿತ್ತು.

ಇಳಿಯಿತು. ಆಮೇಲೆ ಏನೂ ಬರಲಿಲ್ಲ.

"ಸರಿಯಾಗೈತೆ ಅಂತ್ಲೇ ತೋರುಸ್ತೈತೆ ಕಣವ್ವ," ಬಿಂದು ಅಳತೊಡಗಿದಳು.

"ಬ್ಯಾಡ ಕಣೆ, ಸರಿಯಾಗದು ಬ್ಯಾಡ!"

ಲಕ್ಕಯ್ಯನ ಹಿಡಿ ಸಡಿಲಾಯಿತೇ? ಮುಂದೆ ಯೋಚಿಸಲು ಅವಳಿಗೆ ಭಯವಾಯಿತು. ಸತ್ತವನಿಗೆ ಚಳಿಯಾಗುತ್ತದೆಂದು ಬದುಕಿದ್ದವನನ್ನು ಚಳಿಗೆ ನೂಕಿದೆನಲ್ಲ, ನನ್ನ ಬುದ್ಧಿಗೆ ಬೆಂಕಿ ಬೀಳ! "ಆ ಸ್ವೆಟ್ರ ಆಕ್ಕಳಣ್ಣ," ಎಂದು ಅಲ್ಲೇ ಬೇಡಿಕೊಂಡಳು. "ಸತ್ತೋರ್ದು ಅಂತ ಅನ್ಬ್ಯಾಡ, ಆಕ್ಕಳಣ್ಣ."

"ಹೊತ್ತಾಯ್ತದೆ ತಾಯಿ," ಎಂದ ಒಬ್ಬ ಮುದುಕ. ಯಾರೂ ಕದಲಲಿಲ್ಲ.

ಗುರ್.

"ಏರ್ತು! ಏಳು... ಹತ್ತು... ಹದ್ನಾಲ್ಕು ಡಿಗ್ರಿ ಕಣವ್ವ, ಇಳೀತಾನೇ ಇಲ್ಲ!" ಬಿಂದು ಬೆದರಿ ತಾಯಿಯ ಮುಖ ನೋಡಿದಳು.

ಮಾದಮ್ಮ ಗುಂಡಿಯ ಅಂಚಿಗೆ ಕುಸಿದು ಕೂತಳು. ಮನುಷ್ಯನ ಹಿಡಿಯಾದರೆ ಏರಿಸಿ ಇಳಿಸುತ್ತದೆ. ಹೀಗೆ ಏರುತ್ತಲೇ ಹೋಗಬೇಕಾದರೆ ಹೊರಗಿನ ಬಿಸಿಗಾಳಿ ಒಳನುಗ್ಗಬೇಕು. "ಬಾಗ್ಲು ತೆಗ್ದವ್ರೆ," ಎಂದಳು. ಆದರೆ ಒಳಗಿದ್ದವನು?

ಫೋನು ರಿಂಗಾಯಿತು. ಮಂಚಯ್ಯನ ಹೆಸರು. ಬಿಂದು ಅದನ್ನು ತಾಯಿಯ ಕಿವಿಗೆ ಒತ್ತಿದಳು. ಮೊದಲು ಬರೀ ಕೆಮ್ಮು ಕೇಳಿಸಿತು, ಎಷ್ಟು ಹೊತ್ತಾದರೂ ನಿಲ್ಲದ ಕೆಮ್ಮು.

"ಮಾದವ್ವ... ಸ್ವೆಟ್ರ ನಾನೇ ಆಕ್ಕಂಡ್ಬುಟ್ಟೆ ಕಣವ್ವ. ತಪ್ಪಾಯ್ತು. ಬಿಚ್ಕಂಡು ತತ್ತೀನಿ, ತಡೀರಿ."

"ಬಿಚ್ಬ್ಯಾಡ," ಎಂದಳು ಮಾದಮ್ಮ. "ಆಕ್ಕಂಡೇ ಇರಣ್ಣ."

ಆಗ ಅವಳಿಗೆ ತನ್ನ ಬಲಗೈ ನೆನಪಾಯಿತು. ಗುಂಡಿಯತ್ತ ಬಾಗಿ ಮೆಲ್ಲಗೆ ಹಿಡಿ ಬಿಚ್ಚಿದಳು. ಬೆವರಿಗೆ ಒದ್ದೆಯಾಗಿ ಮಣ್ಣು ಉಂಡೆಗಟ್ಟಿತ್ತು. ಅವಳ ನಾಲ್ಕೂ ಬೆರಳಿನ ಗುರುತು ಹೊತ್ತು ಅದು ಹಾಗೇ ಶಾಂತರಾಜುವಿನ ಎದೆಯ ಮೇಲೆ ಬಿತ್ತು.